ಕೆಂಗೇರಿಯವರೆಗೆ ಒಂದು ಗಾಡಿ, ಆಮೇಲೊಂದು

ಚನ್ನಪಟ್ಟಣದಿಂದ ಬೆಂಗಳೂರಿಗೆ ದಿನವೂ ಕಾರಿನಲ್ಲಿ ಹೋಗಿಬರುವವರನ್ನು ದಾರಿ ಎಷ್ಟಾಗುತ್ತದೆ ಎಂದು ಕೇಳಿ ನೋಡಿ. ಕಿಲೋಮೀಟರ್ ಲೆಕ್ಕ ಯಾರೂ ಹೇಳುವುದಿಲ್ಲ. "ಕೆಂಗೇರಿ ತನಕ ಮುಕ್ಕಾಲು ಗಂಟೆ, ಅಲ್ಲಿಂದಾಚೆಗೆ ದೇವರಿಟ್ಟಂಗೆ" ಅನ್ನುತ್ತಾರೆ. ಮಾತು ನಿಜವೇ. ಸುಮಾರು ಅರವತ್ತು ಕಿಲೋಮೀಟರಿನ ಈ ದಾರಿಯಲ್ಲಿ ಮುಕ್ಕಾಲು ಪಾಲು ತೆರೆದ ಹೆದ್ದಾರಿ. ಗಡಿಯಾರ ನೋಡಿದರೆ ಮಾತ್ರ ಅರ್ಧಕ್ಕಿಂತ ಹೆಚ್ಚು ಹೊತ್ತು ಹೋಗುವುದು ಉಳಿದ ಕಾಲು ಪಾಲಿಗೆ. ದಿನಾ ಓಡಾಡಲು ಕಾರು ಕೊಳ್ಳುವವರು ಸಾಮಾನ್ಯವಾಗಿ ದೂರವನ್ನು ನೋಡಿ ಗಾಡಿ ಆರಿಸುತ್ತಾರೆ. ಹೊತ್ತನ್ನು ನೋಡಿ ಆರಿಸಬೇಕು ಅನ್ನುವುದು ಈ ದಾರಿಯಲ್ಲಿ ಓಡಾಡಿ ಓಡಾಡಿ ನನಗೆ ಗಟ್ಟಿಯಾದ ನಂಬಿಕೆ.

ನಮ್ಮ ಬಡಾವಣೆಯಿಂದ ನಾಲ್ಕು ಜನ ಒಟ್ಟಿಗೆ ಹೊರಡುತ್ತೇವೆ. ಕಾರು ಎರಡು, ವಾರಕ್ಕೊಂದರ ಸರದಿ. ಒಂದು ನಮ್ಮ ಭಾವನ ಹ್ಯುಂಡೈ ಕ್ರೆಟಾ. ಡೀಸೆಲ್ ಎಂಜಿನ್, ಆಟೋಮ್ಯಾಟಿಕ್ ಗೇರು. ಇನ್ನೊಂದು ಬ್ಯಾಂಕಿನಲ್ಲಿ ಕೆಲಸ ಮಾಡುವ ಮೇಡಂ ಅವರ ಟೊಯೊಟಾ ಹೈರೈಡರ್. ಪೆಟ್ರೋಲ್ ಎಂಜಿನ್ನಿನ ಜೊತೆಗೆ ವಿದ್ಯುತ್ ಮೋಟಾರೂ ಇರುವ ಹೈಬ್ರಿಡ್. ಇಬ್ಬರೂ ಧಾರಾಳಿಗಳು. ಆಯಾಸವಾದ ದಿನ "ನೀವೇ ಹೊಡೀರಿ ಮೇಷ್ಟ್ರೇ" ಎಂದು ಕೀಲಿ ಕೊಡುತ್ತಾರೆ. ಹೀಗಾಗಿ ಎರಡರ ಹಿಂದಿನ ಸೀಟೂ, ಎರಡರ ಸ್ಟೀರಿಂಗೂ ನನಗೆ ಬಳಕೆಯಾಗಿವೆ. ಈಗ ಕಾಲೇಜಿನ ವೇಳಾಪಟ್ಟಿ ಬದಲಾಗಿ ನನ್ನ ಹೊತ್ತು ಅವರ ಹೊತ್ತಿಗೆ ಹೊಂದುತ್ತಿಲ್ಲ. ನನ್ನದೇ ಒಂದು ಗಾಡಿ ಬೇಕಾಗಿದೆ. ರೈಲು ಹೊಂದುವವರಿಗೆ ರೈಲಿನ ಪಾಸಿಗಿಂತ ಒಳ್ಳೆಯದು ಬೇರೆ ಇಲ್ಲ ಅನ್ನುವುದನ್ನು ಮೊದಲೇ ಹೇಳಿಬಿಡುತ್ತೇನೆ. ನನಗೆ ಅದೂ ಹೊಂದುವುದಿಲ್ಲ.

ಕಂಪನಿಯವರು ಕೊಡುವ ಕೈಪತ್ರಗಳನ್ನು ಪಕ್ಕಪಕ್ಕ ಇಟ್ಟರೆ ಇವೆರಡಕ್ಕೆ ಅಂಥ ವ್ಯತ್ಯಾಸ ಕಾಣುವುದಿಲ್ಲ. ಕ್ರೆಟಾ 4,330 ಮಿಲಿಮೀಟರ್ ಉದ್ದ, ಹೈರೈಡರ್ 4,365. ಮುಂದಿನ ಚಕ್ರದಿಂದ ಹಿಂದಿನ ಚಕ್ರಕ್ಕೆ ಒಂದರಲ್ಲಿ 2,610, ಇನ್ನೊಂದರಲ್ಲಿ 2,600. ಎಂಜಿನ್ ಎರಡರಲ್ಲೂ ಒಂದೂವರೆ ಲೀಟರಿನದು. ಹೇಳುವ ಶಕ್ತಿಯೂ ಎರಡಕ್ಕೂ 116 ಪಿಎಸ್. ಇಷ್ಟು ಹೊಂದುವ ಎರಡು ಗಾಡಿಗಳು ರಸ್ತೆಗಿಳಿದ ಮೇಲೆ ಎಷ್ಟು ಬೇರೆಯಾಗುತ್ತವೆ ಅನ್ನುವುದೇ ನನಗೆ ಇಂದಿಗೂ ಸೋಜಿಗ.

ಮೊದಲು ಹೆದ್ದಾರಿ. ಬೆಂಗಳೂರು–ಮೈಸೂರು ದಶಪಥ 2023ರ ಮಾರ್ಚ್ 12ರಂದು ಉದ್ಘಾಟನೆಯಾಯಿತು. ನಡುವೆ ಆರು ಲೇನು, ಎರಡೂ ಬದಿಗೆ ಎರಡೆರಡು ಲೇನಿನ ಸರ್ವೀಸ್ ರಸ್ತೆ. ಅಪಘಾತಗಳು ಹೆಚ್ಚಿದ್ದರಿಂದ ಅದೇ ವರ್ಷ ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರುಗಳನ್ನು ನಡುವಿನ ರಸ್ತೆಯಿಂದ ಸರ್ವೀಸ್ ರಸ್ತೆಗೆ ಇಳಿಸಿದರು. ಕಾರಿಗೆ ಗಂಟೆಗೆ ನೂರು ಕಿಲೋಮೀಟರ್ ಮಿತಿ. ಅದನ್ನು ಕಾಯಲು ಕ್ಯಾಮೆರಾಗಳಿವೆ. ರಾಮನಗರದ ಬಂಡೆಗಳು ಈಗ ದೂರದಿಂದ, ಪೂರ್ತಿಯಾಗಿ ಕಾಣುತ್ತವೆ. ಊರೊಳಗಿನಿಂದ ಹೋಗುತ್ತಿದ್ದಾಗ ಅಂಗಡಿ ಬೋರ್ಡುಗಳ ನಡುವೆ ತುಂಡುತುಂಡಾಗಿ ಕಾಣುತ್ತಿದ್ದವು. ಬೆಳಗಿನ ಏಳರ ಬಿಸಿಲಿನಲ್ಲಿ ಆ ಬಂಡೆಗಳ ಬಣ್ಣ ನೋಡಲೆಂದೇ ಎಡಗಡೆ ಸೀಟಿಗೆ ಆಸೆಪಡುವವನು ನಾನು. ಆದರೆ ಬೈಪಾಸು ಬಂದಮೇಲೆ ನಮ್ಮೂರ ಬೊಂಬೆ ಅಂಗಡಿಗಳ ಮುಂದೆ, ಬಿಡದಿಯ ತಟ್ಟೆ ಇಡ್ಲಿ ಹೋಟೆಲುಗಳ ಮುಂದೆ ಮೊದಲಿನಷ್ಟು ಕಾರುಗಳು ನಿಲ್ಲುವುದಿಲ್ಲ. ಆ ಸಂಕಟ ನಮ್ಮೂರಿನವರಿಗೆ ಗೊತ್ತು.

ಈ ಹೆದ್ದಾರಿಯಲ್ಲಿ ಕ್ರೆಟಾದ ಡೀಸೆಲ್ ಎಂಜಿನ್ ಓಡುವುದನ್ನು ನೋಡಬೇಕು. ಅದರ ಸೊಗಸು ವೇಗದಲ್ಲಿಲ್ಲ, ನೆಮ್ಮದಿಯಲ್ಲಿದೆ. 250 ನ್ಯೂಟನ್ ಮೀಟರ್ ಎಳೆತ ಒಂದೂವರೆ ಸಾವಿರ ಸುತ್ತಿಗೇ ಪೂರ್ತಿ ಕೈಗೆ ಬರುತ್ತದೆ. ನೂರರ ಓಟದಲ್ಲಿ ಆರನೇ ಗೇರಿನಲ್ಲಿದ್ದಾಗ ಮೀಟರಿನ ಮುಳ್ಳು ಎರಡು ಸಾವಿರದ ಆಸುಪಾಸಿನಲ್ಲಿ ನಿಂತಿರುತ್ತದೆ. ಮುಂದೆ ಜಲ್ಲಿ ಲಾರಿ ಸಿಕ್ಕಿತು ಅನ್ನಿ. ಪಾದವನ್ನು ತುಸು ಒತ್ತಿದರೆ ಸಾಕು. ಗೇರು ಬದಲಾಗುವ ಮೊದಲೇ ಗಾಡಿ ಮುಂದಕ್ಕೆ ಸರಿದಿರುತ್ತದೆ. ಭಾವ ಲಾರಿ ದಾಟುವಾಗ ಮಾತು ನಿಲ್ಲಿಸುವುದಿಲ್ಲ. ರಾಜಕೀಯವೋ ರೇಷ್ಮೆಗೂಡಿನ ದರವೋ, ಹೇಳುತ್ತಿದ್ದುದನ್ನು ಹೇಳುತ್ತಲೇ ಲಾರಿ ದಾಟಿಸಿ ಎಡಕ್ಕೆ ಬಂದಿರುತ್ತಾರೆ. ಓಡಿಸುವವನ ಮಾತು ಕಡಿಯದಂತೆ ಕೆಲಸ ಮಾಡುವ ಎಂಜಿನ್ ಒಳ್ಳೆಯ ಎಂಜಿನ್.

ಇದೇ ಕ್ರೆಟಾದಲ್ಲಿ 160 ಪಿಎಸ್‌ನ ಟರ್ಬೊ ಪೆಟ್ರೋಲ್ ಕೂಡ ಸಿಗುತ್ತದೆ. ಷೋರೂಮಿನವರು ಅದನ್ನೇ ಮೊದಲು ತೋರಿಸುತ್ತಾರೆ. ನೂರರ ಮಿತಿ ಇರುವ ರಸ್ತೆಯಲ್ಲಿ, ಅದರಾಚೆ ಜಾಮಿರುವ ಊರಿಗೆ ಹೋಗುವವರಿಗೆ ಅಷ್ಟು ಶಕ್ತಿ ಬೇಡ.

ಹೈರೈಡರ್ ಈ ಹೆದ್ದಾರಿಯಲ್ಲಿ ಹಿಂದೆ ಬೀಳುವುದಿಲ್ಲ, ಆದರೆ ಹಾಯಾಗಿಯೂ ಇರುವುದಿಲ್ಲ. ಅದರದು ಮೂರು ಸಿಲಿಂಡರಿನ ಎಂಜಿನ್. ಅದೊಂದರದೇ ಶಕ್ತಿ 92 ಪಿಎಸ್. ಮಿಕ್ಕಿದ್ದು ಮೋಟಾರಿನ ಕೊಡುಗೆ. ಸಮತಟ್ಟಿನಲ್ಲಿ ಎಂಬತ್ತು ತೊಂಬತ್ತಕ್ಕೆ ಸದ್ದಿಲ್ಲದೆ ಓಡುತ್ತದೆ. ಪಾದ ಸಡಿಲಿಸಿದಾಗ ಎಂಜಿನ್ ತಾನೇ ಆರಿ, ಗಾಡಿ ಮೋಟಾರಿನಲ್ಲಿ ತೇಲುವುದೂ ಉಂಟು. ಲಾರಿ ದಾಟಲು ಗಟ್ಟಿಯಾಗಿ ಒತ್ತಿದಿರೋ, ಎಂಜಿನ್ನಿನ ಸುತ್ತು ಒಮ್ಮೆಲೇ ಮೇಲೇರಿ ಅಲ್ಲೇ ನಿಂತು ಮೊರೆಯುತ್ತದೆ. ಸದ್ದು ಮೊದಲು, ವೇಗ ಆಮೇಲೆ. ದಾಟುವುದು ದಾಟುತ್ತದೆ, ಮೇಡಂ ಮಾತ್ರ ಆ ಒಂದು ಗಳಿಗೆ ಮಾತು ನಿಲ್ಲಿಸುತ್ತಾರೆ. ಕುಂಬಳಗೋಡಿನ ಮೇಲ್ಸೇತುವೆ ಏರುವಾಗಲೂ ಅದೇ ಮೊರೆತ ಸಣ್ಣಗೆ ಕೇಳಿಸುತ್ತದೆ.

ಆ ಮೇಲ್ಸೇತುವೆಗೆ ಮುನ್ನ ಬಿಡದಿ ಬರುತ್ತದೆ. ಹೈರೈಡರ್ ಹುಟ್ಟಿದ್ದು ಇಲ್ಲಿನ ಟೊಯೊಟಾ ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ. ಇಪ್ಪತ್ತೈದು ವರ್ಷದ ಹಿಂದೆ ಕ್ವಾಲಿಸ್ ಹೊರಬಂದದ್ದೂ ಇಲ್ಲಿಂದಲೇ. 2022ರ ಸೆಪ್ಟೆಂಬರಿನಲ್ಲಿ ಮಾರುಕಟ್ಟೆಗೆ ಬಂದ ಮಾರುತಿಯ ಗ್ರ್ಯಾಂಡ್ ವಿಟಾರಾ ಕೂಡ ಹೈರೈಡರಿನ ಒಡಹುಟ್ಟು. ಲಾಂಛನ ಬೇರೆ, ಕಾರ್ಖಾನೆ ಒಂದೇ. ಮೇಡಂ ಅವರ ಗಾಡಿ ದಿನಾ ಬೆಳಿಗ್ಗೆ ಸಂಜೆ ತನ್ನ ತವರಿನ ಮುಂದೆ ಹಾದುಹೋಗುತ್ತದೆ. ನಮ್ಮ ಜಿಲ್ಲೆಯ ಎಷ್ಟೋ ಮನೆಗಳ ಹುಡುಗರು ಆ ಕಾರ್ಖಾನೆಯ ಶಿಫ್ಟ್ ಬಸ್ಸಿಗೆ ಕಾಯುವುದನ್ನು ಕಂಡಿದ್ದೇನೆ. ಕೊಳ್ಳುವ ಲೆಕ್ಕಕ್ಕೆ ಇದು ಸೇರಬಾರದು ನಿಜ. ನನ್ನ ಮನಸ್ಸಿನ ಲೆಕ್ಕಕ್ಕೆ ಸೇರಿಯೇ ಸೇರುತ್ತದೆ.

ಈ ದಾರಿಗೆ ಇನ್ನೊಂದು ಗುಣವಿದೆ. ಬೆಂಗಳೂರು ನಮಗೆ ಈಶಾನ್ಯಕ್ಕಿದೆ. ಬೆಳಿಗ್ಗೆ ಹೋಗುವಾಗ ಸೂರ್ಯ ಕಣ್ಣಿನೆದುರು, ಸಂಜೆ ಬರುವಾಗಲೂ ಕಣ್ಣಿನೆದುರು. ಎರಡು ಹೊತ್ತೂ ಎದೆಗೆ, ತೊಡೆಗೆ ಬಿಸಿಲು. ಹಾಗಾಗಿ ಷೋರೂಮಿನಲ್ಲಿ ಎಲ್ಲರೂ ಕತ್ತೆತ್ತಿ ನೋಡುವ ಗಾಜಿನ ಮೇಲ್ಛಾವಣಿ ನಮ್ಮ ಗಾಡಿಗಳಲ್ಲಿ ಪರದೆ ಮುಚ್ಚಿಕೊಂಡೇ ಇರುತ್ತದೆ. ಅದರ ಬದಲು ಮುಂದಿನ ಸೀಟಿನೊಳಗಿಂದ ಗಾಳಿ ಆಡಿಸುವ ಪುಟ್ಟ ಫ್ಯಾನುಗಳಿವೆಯಲ್ಲ, ಎರಡರ ಮೇಲ್ದರ್ಜೆಯ ಮಾದರಿಗಳಲ್ಲೂ ಬರುತ್ತವೆ, ಅವಕ್ಕೆ ಕೊಟ್ಟ ಕಾಸು ಸಾರ್ಥಕ. ಒಂದು ಗಂಟೆ ಕೂತ ಮೇಲೂ ಅಂಗಿ ಬೆನ್ನಿಗೆ ಅಂಟಿರುವುದಿಲ್ಲ. ಕಾಲೇಜಿನ ಮೆಟ್ಟಿಲನ್ನು ಇಸ್ತ್ರಿ ಕೆಡದೆ ಹತ್ತುವ ಸುಖ ದಿನಾ ಪಯಣಿಸುವವರಿಗೇ ಗೊತ್ತು.

ಪಂಚಮುಖಿ ಗಣೇಶನ ದೇವಸ್ಥಾನ ದಾಟಿ ಕೆಂಗೇರಿ ಬಂತೆಂದರೆ ಇನ್ನೊಂದು ಲೋಕ. ಸ್ಯಾಟಲೈಟ್ ಟೌನಿನ ಸಿಗ್ನಲ್ಲು, ಮೆಟ್ರೋ ಕಂಬಗಳ ನೆರಳು, ಆರ್‌.ಆರ್. ನಗರದ ಕಮಾನು, ನಾಯಂಡಹಳ್ಳಿ. ಮೊದಲನೇ ಗೇರಿನಲ್ಲಿ ಹತ್ತು ಅಡಿ, ಬ್ರೇಕು. ಮತ್ತೆ ಹತ್ತು ಅಡಿ, ಬ್ರೇಕು. ಹೈರೈಡರಿನ ನಿಜವಾದ ಗುಣ ತೆರೆದುಕೊಳ್ಳುವುದು ಇಲ್ಲಿ.

ಅದು ಹೇಗೆಂದು ಸ್ವಲ್ಪ ನಿಧಾನವಾಗಿ ಹೇಳಬೇಕು. ಈ ಗಾಡಿಯಲ್ಲಿ ಗೇರ್‌ಬಾಕ್ಸಿನ ಜಾಗದಲ್ಲಿ ಹಲ್ಲುಚಕ್ರಗಳ ಒಂದು ಕೂಟವಿದೆ. ನಡುವೆ ಒಂದು ಚಕ್ರ, ಅದರ ಸುತ್ತ ಉರುಳುವ ಮರಿಚಕ್ರಗಳು, ಅವನ್ನು ಬಳಸಿ ಹೊರಗೊಂದು ಬಳೆ. ಮರಿಚಕ್ರಗಳನ್ನು ಹಿಡಿದ ಚೌಕಟ್ಟಿಗೆ ಎಂಜಿನ್, ನಡುಚಕ್ರಕ್ಕೆ ಜನರೇಟರ್, ಹೊರಬಳೆಯ ಕಡೆಗೆ ಮೋಟಾರು ಮತ್ತು ಗಾಡಿಯ ಗಾಲಿಗಳು. ಬೆಲ್ಟಿಲ್ಲ, ಕ್ಲಚ್ಚಿಲ್ಲ, ಒಂದು ಗೇರಿನಿಂದ ಇನ್ನೊಂದಕ್ಕೆ ಜಿಗಿಯುವುದಿಲ್ಲ. 1997ರಲ್ಲಿ ಟೊಯೊಟಾ ಜಪಾನಿನಲ್ಲಿ ಪ್ರಿಯಸ್ ಹೊರತಂದಾಗ ಬಳಸಿದ ತತ್ತ್ವವೇ ಇದು. ಎಂಜಿನ್ನಿನದೂ ಬೇರೆ ನಡೆ. ಹೀರಿಕೊಳ್ಳುವ ಕವಾಟವನ್ನು ಬೇಕೆಂದೇ ತಡವಾಗಿ ಮುಚ್ಚಿ, ಒತ್ತುವ ಹೊಡೆತ ಚಿಕ್ಕದು, ಹಿಗ್ಗುವ ಹೊಡೆತ ಉದ್ದ ಅನ್ನುವ ಹಾಗೆ ಮಾಡಿದ್ದಾರೆ. ಅಟ್ಕಿನ್ಸನ್ ವಿಧಾನ ಎನ್ನುತ್ತಾರೆ. ಪೆಟ್ರೋಲಿನ ಕಾವು ಹೆಚ್ಚು ಉಪಯೋಗಕ್ಕೆ ಬರುತ್ತದೆ, ಆದರೆ ನಿಂತಲ್ಲಿಂದ ಎಳೆಯುವ ಕಸುವು ಕಡಿಮೆ. ಆ ಕೊರತೆಯನ್ನು ಮೋಟಾರು ತುಂಬುತ್ತದೆ. ನಿಂತಲ್ಲಿಂದ ಹೊರಡುವುದೇ ಮೋಟಾರಿಗೆ ಎಲ್ಲಕ್ಕಿಂತ ಸುಲಭದ ಕೆಲಸ.

ಬ್ಯಾಟರಿ ದೊಡ್ಡದಿರಬೇಕು ಎಂದುಕೊಳ್ಳುವವರೇ ಹೆಚ್ಚು. ಅದರಲ್ಲಿ ಹಿಡಿಯುವುದು 0.76 ಕಿಲೋವಾಟ್ ಗಂಟೆ, ಅಂದರೆ ನಮ್ಮ ಮನೆಯ ಕರೆಂಟು ಬಿಲ್ಲಿನ ಲೆಕ್ಕದಲ್ಲಿ ಮುಕ್ಕಾಲು ಯೂನಿಟ್ಟು. 2025ರಲ್ಲಿ ಬಂದ ವಿದ್ಯುತ್ ಕ್ರೆಟಾದ ಚಿಕ್ಕ ಬ್ಯಾಟರಿಯೇ 42 ಯೂನಿಟ್ಟಿನದು. ಹೈರೈಡರಿನ ಮುಕ್ಕಾಲು ಯೂನಿಟ್ಟು ದೂರ ಹೋಗುವುದಕ್ಕಲ್ಲ. ಬ್ರೇಕು ಹಿಡಿದಾಗ ಬರುವ ಕಸುವನ್ನು ಒಂದು ಗಳಿಗೆ ಕೂಡಿಟ್ಟು, ಮುಂದಿನ ಹತ್ತು ಅಡಿಗೆ ಹಿಂದಿರುಗಿಸಲು. ಬೇರೆ ಕಾರಿನಲ್ಲಿ ಬ್ರೇಕಿನ ಬಿಸಿಯಾಗಿ ಗಾಳಿಗೆ ಹೋಗುವುದನ್ನು ಇದು ಉಳಿಸಿಕೊಳ್ಳುತ್ತದೆ. ಜಾಮು ಹೆಚ್ಚಾದಷ್ಟೂ ಉಳಿಸುವ ಅವಕಾಶ ಹೆಚ್ಚು. ಬ್ರೇಕ್ ಪ್ಯಾಡು ಸವೆಯುವುದೂ ಕಡಿಮೆ.

ನಾಯಂಡಹಳ್ಳಿಯಲ್ಲಿ ಗಾಡಿ ನಿಂತಾಗ ಎಂಜಿನ್ ಆರಿರುತ್ತದೆ, ಎಸಿ ತಣ್ಣಗೆ ಬೀಸುತ್ತಲೇ ಇರುತ್ತದೆ. ಹೈರೈಡರಿನ ಎಸಿ ನಡೆಯುವುದು ವಿದ್ಯುತ್ತಿನಲ್ಲಿ, ಎಂಜಿನ್ನಿನ ಬೆಲ್ಟಿನಿಂದಲ್ಲ. ಆಗ ಒಳಗೆ ಏನೇನು ಕೇಳಿಸುತ್ತದೆ! ಪಕ್ಕದ ಆಟೋದ ರೇಡಿಯೋ, ಮುಂದಿನ ಬಸ್ಸಿನ ಬಾಗಿಲಿನ ಗಾಳಿ ಬಿಡುವ ಸದ್ದು, ಹಿಂದಿನ ಸೀಟಿನಲ್ಲಿ ಒಬ್ಬರು ಪತ್ರಿಕೆ ಮಡಚುವುದು. ಐದಾರು ನಿಮಿಷಕ್ಕೊಮ್ಮೆ ಬ್ಯಾಟರಿಯ ಗೆರೆಗಳು ಇಳಿದಾಗ ಎಂಜಿನ್ ಸಣ್ಣಗೆ ನಡುಗಿ ಎದ್ದು, ತುಸು ಹೊತ್ತು ಓಡಿ, ಮತ್ತೆ ಸುಮ್ಮನಾಗುತ್ತದೆ. ನಾನು ಬಹಳ ದಿನ ಗಮನಿಸಿ ಖಾತ್ರಿ ಮಾಡಿಕೊಂಡ ಒಂದು ಸಂಗತಿ ಇದೆ: ಅದೇ ನಾಲ್ಕು ಜನ, ಅದೇ ರಸ್ತೆ, ಮೇಡಂ ಅವರ ಗಾಡಿಯಲ್ಲಿ ನಾವು ಮೆಲ್ಲಗೆ ಮಾತಾಡುತ್ತೇವೆ, ಭಾವನ ಗಾಡಿಯಲ್ಲಿ ದನಿ ಒಂದು ಮೆಟ್ಟಿಲು ಮೇಲಿರುತ್ತದೆ. ಯಾರೂ ಬೇಕೆಂದು ಮಾಡುವುದಲ್ಲ. ಡೀಸೆಲ್ ಎಂಜಿನ್ ನಿಂತಲ್ಲೇ ಗುರುಗುಡುವಾಗ ಗಂಟಲು ತಾನಾಗಿ ಏರುತ್ತದೆ. ಒಂದು ಗಂಟೆ ಹಾಗೆ ಕೂತು ಇಳಿದಮೇಲೆ ಮೊದಲ ತರಗತಿಗೆ ಹೋಗುವಷ್ಟರಲ್ಲಿ ಅರ್ಧ ದನಿ ಖರ್ಚಾಗಿರುತ್ತದೆ. ಮಾತಿನಲ್ಲೇ ಬದುಕುವ ನನ್ನಂಥವನಿಗೆ ಇದು ಸಣ್ಣ ವಿಷಯವಲ್ಲ.

ಕ್ರೆಟಾ ಜಾಮಿನಲ್ಲಿ ಕೆಟ್ಟ ಗಾಡಿ ಎಂದು ಯಾರೂ ತಿಳಿಯಬಾರದು. ಅದರ ಆಟೋಮ್ಯಾಟಿಕ್ ಗೇರು ಸಾಧು, ಹಂಪುಗಳ ಮೇಲೆ ಗಾಡಿ ಮೆತ್ತಗೆ ಇಳಿಯುತ್ತದೆ. 2024ರ ಜನವರಿಯಲ್ಲಿ ಹೊಸ ರೂಪದಲ್ಲಿ ಬಂದಮೇಲೆ ಮೇಲ್ದರ್ಜೆಯ ಮಾದರಿಗಳಲ್ಲಿ ರೇಡಾರು, ಕ್ಯಾಮೆರಾ ಇಟ್ಟು ಮುಂದಿನ ಗಾಡಿಯ ಅಂತರ ಕಾಯುವ, ಲೇನು ತಪ್ಪಿದರೆ ಎಚ್ಚರಿಸುವ ವ್ಯವಸ್ಥೆ ಕೊಟ್ಟಿದ್ದಾರೆ; ಹೈರೈಡರಿನಲ್ಲಿ ಅದಿಲ್ಲ. ಸಂಜೆ ಮಂಕು ಬೆಳಕಿನಲ್ಲಿ, ದಿನದ ದಣಿವು ಕಣ್ಣಿಗೆ ಇಳಿದಾಗ, ಹೆದ್ದಾರಿಯಲ್ಲಿ ಅದು ನಿಜವಾದ ಆಸರೆ. ಊರೊಳಗೆ ಮಾತ್ರ ಅದು ಬಿಟ್ಟ ಅಂತರಕ್ಕೆ ಯಾವುದಾದರೂ ಬೈಕು ನುಗ್ಗಿ, ಗಾಡಿ ಪದೇಪದೇ ಬೆದರಿ ಬ್ರೇಕು ಹಿಡಿಯುತ್ತದೆ. ಭಾವ ಕೆಂಗೇರಿಯಲ್ಲೇ ಅದನ್ನು ಆರಿಸುತ್ತಾರೆ.

ಡೀಸೆಲ್ ಕೊಳ್ಳುವವರು ಒಂದು ವಿಷಯ ತಿಳಿದಿರಬೇಕು. 2020ರ ಏಪ್ರಿಲ್‌ನಿಂದ ಬಿಎಸ್ 6 ನಿಯಮ ಬಂದಮೇಲೆ ಇಂಥ ಗಾಡಿಗಳ ಹೊಗೆ ಕೊಳವೆಯಲ್ಲಿ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ. ಅದು ತನ್ನ ಮಸಿಯನ್ನು ತಾನೇ ಸುಟ್ಟುಕೊಳ್ಳಲು ಗಾಡಿ ಸ್ವಲ್ಪ ಹೊತ್ತು ಒಂದೇ ಹದದಲ್ಲಿ, ಬಿಸಿಯಾಗಿ ಓಡಬೇಕು. ಬೆಂಗಳೂರಿನೊಳಗೇ ಐದಾರು ಕಿಲೋಮೀಟರ್ ಓಡಾಡುವವರ ಗಾಡಿಯಲ್ಲಿ ಆ ಫಿಲ್ಟರಿನ ಎಚ್ಚರಿಕೆ ದೀಪ ಮತ್ತೆ ಮತ್ತೆ ಹತ್ತಿ ಕಾಟ ಕೊಡುವುದು ಇದರಿಂದ. ನಮ್ಮ ದಾರಿಯಲ್ಲಿ ಆ ತೊಂದರೆ ಇಲ್ಲ. ದಿನಾ ಎರಡು ಸಲ ಹೆದ್ದಾರಿಯೇ ಅದನ್ನು ಶುದ್ಧ ಮಾಡಿ ಕೊಡುತ್ತದೆ.

ಖರ್ಚಿನ ಮಾತು ಬೇಗ ಮುಗಿಸುತ್ತೇನೆ. ಎಆರ್‌ಎಐ ಪರೀಕ್ಷೆಯ ಲೆಕ್ಕದಲ್ಲಿ ಹೈರೈಡರ್ ಲೀಟರಿಗೆ 27.97 ಕಿಲೋಮೀಟರ್, ಕ್ರೆಟಾ ಡೀಸೆಲ್ ಆಟೋಮ್ಯಾಟಿಕ್ 19.1. ನಮ್ಮ ದಾರಿಯಲ್ಲಿ, ಎಸಿ ಹಾಕಿಕೊಂಡು, ನಾಲ್ಕು ಜನ ಕೂತು, ಒಂದು ಇಪ್ಪತ್ತೆರಡರ ಮೇಲೆ, ಇನ್ನೊಂದು ಹದಿನೇಳರ ಸುಮಾರು ಕೊಡುತ್ತದೆ. ಪೆಟ್ರೋಲು ನೂರರ ಮೇಲಿದೆ, ಡೀಸೆಲ್ಲು ತೊಂಬತ್ತರ ಆಸುಪಾಸು. ಹಾಗಾಗಿ ಕಿಲೋಮೀಟರಿಗೆ ಉಳಿಯುವುದು ಮುಕ್ಕಾಲು ರೂಪಾಯಿಗಿಂತ ಹೆಚ್ಚಿಲ್ಲ. ವರ್ಷಕ್ಕೆ ಮೂವತ್ತು ಸಾವಿರ ಕಿಲೋಮೀಟರ್ ಓಡುವ ಗಾಡಿಗೆ ಅದು ಇಪ್ಪತ್ತು ಸಾವಿರ ಚಿಲ್ಲರೆ. ಉಪೇಕ್ಷಿಸುವ ಮೊತ್ತವಲ್ಲ, ಅದೊಂದನ್ನೇ ನೋಡಿ ಕೊಳ್ಳುವಷ್ಟೂ ಅಲ್ಲ. ಹತ್ತರಿಂದ ಇಪ್ಪತ್ತು ಲಕ್ಷದ ಗಾಡಿಗೆ ಕರ್ನಾಟಕದಲ್ಲಿ ಜೀವಾವಧಿ ತೆರಿಗೆ ನೂರಕ್ಕೆ 17, ಅದರ ಮೇಲೆ ಸೆಸ್ಸು. 2024ರಲ್ಲಿ ಉತ್ತರಪ್ರದೇಶ ಇಂಥ ಹೈಬ್ರಿಡ್‌ಗಳಿಗೆ ನೋಂದಣಿ ತೆರಿಗೆ ಬಿಟ್ಟಿತು. ಆ ಗಾಡಿಯನ್ನು ತಯಾರಿಸುವ ರಾಜ್ಯವೂ ಆ ಬಗ್ಗೆ ಯೋಚಿಸಬೇಕು ಅನ್ನುವುದು ನನ್ನ ಮನವಿ. ಟೋಲಿಗೆ 2025ರ ಆಗಸ್ಟ್ 15ರಿಂದ ವಾರ್ಷಿಕ ಪಾಸು ಬಂದಿದೆ: ಶುರುವಿನಲ್ಲಿ ಮೂರು ಸಾವಿರ ರೂಪಾಯಿಗೆ ಇನ್ನೂರು ಸಲ. ದಾಟುವುದೊಂದಕ್ಕೆ ಹದಿನೈದು ರೂಪಾಯಿ ಬಿತ್ತು. ದಿನಕ್ಕೆರಡು ಸಲ ದಾಟುವವರಿಗೆ ವರ್ಷದ ಪಾಸು ವರ್ಷ ಬರುವುದಿಲ್ಲ, ಆದರೂ ದೊಡ್ಡ ಉಪಕಾರ.

ಯಾರೂ ಹೇಳದೆ ಬಿಡುವ ಒಂದು ಮಾತು ವಾರಂಟಿಯದು. ಹೈಬ್ರಿಡ್ ಬ್ಯಾಟರಿಗೆ ಎಂಟು ವರ್ಷ ಅಥವಾ 1,60,000 ಕಿಲೋಮೀಟರ್, ಯಾವುದು ಮೊದಲೋ ಅದು. ಎಲ್ಲರ ಕಿವಿಗೂ ಎಂಟು ವರ್ಷ ಮಾತ್ರ ಬೀಳುತ್ತದೆ. ವರ್ಷಕ್ಕೆ ಮೂವತ್ತು ಸಾವಿರ ಓಡಿಸುವವರಿಗೆ ಐದು ವರ್ಷ ದಾಟಿ ಕೆಲವು ತಿಂಗಳಿಗೇ ಅದು ಮುಗಿಯುತ್ತದೆ. ಹ್ಯುಂಡೈನ ಮೂರು ವರ್ಷಕ್ಕೆ ಕಿಲೋಮೀಟರ್ ಮಿತಿಯೇ ಇಲ್ಲ. ದಿನಾ ದೂರ ಹೋಗುವವರು ವಾರಂಟಿ ಕಾಗದದಲ್ಲಿ ವರ್ಷದ ಸಾಲನ್ನು ಬಿಟ್ಟು ಕಿಲೋಮೀಟರಿನ ಸಾಲನ್ನು ಮೊದಲು ಓದಬೇಕು.

ಇನ್ನು ಡಿಕ್ಕಿ. ಕ್ರೆಟಾದ್ದು 433 ಲೀಟರು, ಅಡಿ ಸಮತಟ್ಟು. ಹೈರೈಡರ್ ಹೈಬ್ರಿಡ್‌ನಲ್ಲಿ ಬ್ಯಾಟರಿ ಡಿಕ್ಕಿಯ ನೆಲದಡಿ ಕೂತಿದೆ, ನೆಲ ಗುಬುಟು ಕಟ್ಟಿದಂತೆ ಎದ್ದಿದೆ. ಕಳೆದ ಸುಗ್ಗಿಯಲ್ಲಿ ತೋಟದ ಮನೆಯಿಂದ ರಾಗಿ ತಂದೆವು. ಭಾವನ ಗಾಡಿಯಲ್ಲಿ ಎರಡು ಮೂಟೆ ಅಡ್ಡಲಾಗಿ ಮಲಗಿ, ಮೇಲೆ ತೆಂಗಿನಕಾಯಿ ಚೀಲಕ್ಕೂ ಜಾಗ ಉಳಿಯಿತು. ಮೇಡಂ ಅವರ ಗಾಡಿಯಲ್ಲಿ ಒಂದೇ ಮೂಟೆ, ಅದೂ ಓರೆಯಾಗಿ. ಬಾಗಿಲನ್ನು ಇಬ್ಬರು ಒತ್ತಿ ಹಾಕಬೇಕಾಯಿತು. ಹಳ್ಳಿಯ ನಂಟಿರುವ ಮನೆಗೆ ಇದು ಕೊರತೆಯೇ. ಹಿಂದಿನ ಸೀಟಿನಲ್ಲಿ ಎತ್ತರದವರು ಕೂತರೆ ಹೈರೈಡರಿನ ಇಳಿಜಾರು ಚಾವಣಿ ತಲೆಗೆ ಹತ್ತಿರ ಬರುತ್ತದೆ ಅನ್ನುವುದನ್ನೂ ಸೇರಿಸಬೇಕು.

ತುಮಕೂರಿನಿಂದ ಪೀಣ್ಯದ ಈಚೆಗೆ ಕೆಲಸವಿರುವವರು, ಮದ್ದೂರಿನಿಂದ ಬಿಡದಿಯ ಕಾರ್ಖಾನೆಗೆ ಬರುವವರು, ಕೆಂಗೇರಿಯಲ್ಲೋ ಚಲ್ಲಘಟ್ಟದಲ್ಲೋ ಗಾಡಿ ಬಿಟ್ಟು ನೇರಳೆ ಮೆಟ್ರೋ ಹತ್ತುವವರು ನನ್ನನ್ನು ಕೇಳಿದರೆ ಹಿಂದೆಮುಂದೆ ನೋಡದೆ ಕ್ರೆಟಾ ಡೀಸೆಲ್ ಎನ್ನುತ್ತೇನೆ. ಅವರ ಹೊತ್ತೆಲ್ಲ ಹೆದ್ದಾರಿಯಲ್ಲೇ ಕಳೆಯುತ್ತದೆ, ಅಲ್ಲಿ ಅದರಷ್ಟು ನೆಮ್ಮದಿಯ ಗಾಡಿ ಈ ಬೆಲೆಯಲ್ಲಿ ನಾನು ಕಂಡಿಲ್ಲ. ನನ್ನ ಕಾಲೇಜು ಚಾಮರಾಜಪೇಟೆಯಲ್ಲಿದೆ. ನನ್ನ ಕಿಲೋಮೀಟರುಗಳು ಹೆದ್ದಾರಿಯವು, ನನ್ನ ಗಂಟೆಗಳು ಮೈಸೂರು ರಸ್ತೆಯವು. ಕಿಲೋಮೀಟರು ಟೈರನ್ನು ಸವೆಸುತ್ತದೆ. ನನ್ನನ್ನು ಸವೆಸುವುದು ಆ ಗಂಟೆಗಳು. ಲಾರಿ ದಾಟುವಾಗಿನ ಮೊರೆತವನ್ನು ದಿನಕ್ಕೆ ಹತ್ತು ಸಲ ಕೇಳಿಕೊಂಡೇನು, ನಾಯಂಡಹಳ್ಳಿಯ ಆ ಮೌನ ನನಗೆ ಬೇಕು. ಮೊನ್ನೆ ಹೈರೈಡರಿಗೆ ಮುಂಗಡ ಕೊಟ್ಟು ಬಂದೆ.

ಭಾವನಿಗೆ ಸಂಜೆಯೇ ಸುದ್ದಿ ಮುಟ್ಟಿತ್ತು. "ಒಳ್ಳೇದಾಯ್ತು" ಅಂದರು. ಅಕ್ಕ ಕಾಫಿ ತಂದಿಟ್ಟಳು. ಒಂದು ಗುಟುಕು ಕುಡಿದು ಕೇಳಿದರು: "ಮುಂದಿನ ಸುಗ್ಗೀಲಿ ರಾಗಿ ಮೂಟೆ ಯಾತ್ರಲ್ಲಿ ತರ್ತೀಯಪ್ಪ?"

"ನಿಮ್ಮದ್ರಲ್ಲೇ ಭಾವ" ಅಂದೆ.